ಎಲಾಸ್ಟಿಕ್ ಆಟಕ್ಕೆ ಕಂಬ ಬೇಕಾಗಿದೆ

ಎಲಾಸ್ಟಿಕ್ ಇರಬೇಕಾದದ್ದು ಸೊಂಟದಲ್ಲಿ. ಹೊಲಿಗೆ ಕಸುಬಿನಲ್ಲೇ ತಲೆಗೂದಲು ಉದುರಿಸಿಕೊಂಡ ದರ್ಜಿ ನಾನು, ನನ್ನ ಮಾತು ನಂಬಿ. ಅದು ಅಂಗಳದ ನಟ್ಟನಡುವೆ, ಇಬ್ಬರು ಹುಡುಗಿಯರ ಕಾಲಿಗೆ ಸುತ್ತಿಕೊಂಡು, ನನ್ನ ಸ್ಕೂಟರಿನ ದಾರಿಗೆ ಅಡ್ಡಲಾಗಿರಬೇಕು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಶಾಲೆಗೆ ರಜೆ ಸಿಕ್ಕಿದ್ದೇ ತಡ, ನನ್ನ ಮಗಳು, ಪಕ್ಕದ ಮನೆಯ ಎರಡು ಜಡೆಯವಳು ಮತ್ತು ಎದುರು ಮನೆಯ ಕನ್ನಡಕದವಳು ಸೇರಿ ನಮ್ಮ ಕಟ್ಟಡದ ಅಂಗಳವನ್ನು ಆಕ್ರಮಿಸಿಕೊಂಡರು. ಇಬ್ಬರು ಕಂಬಗಳಾಗಿ ಎದುರುಬದುರು ನಿಲ್ಲುತ್ತಾರೆ. ಅವರ ಕಾಲುಗಳ ಸುತ್ತ ಎಲಾಸ್ಟಿಕ್. ಮೂರನೆಯವಳು ಅದರ ಒಳಗೆ, ಹೊರಗೆ, ಮೇಲೆ ಹಾರುತ್ತಾಳೆ. ತಪ್ಪದೆ ಹಾರಿದರೆ ಎಲಾಸ್ಟಿಕ್ ಪಾದದಿಂದ ಮೊಣಕಾಲಿಗೆ, ತೊಡೆಗೆ, ಸೊಂಟಕ್ಕೆ ಏರುತ್ತದೆ. ತಪ್ಪಿದವರು ಔಟಾಗಿ ಕಂಬವಾಗಬೇಕು. (ಆ ಎಲಾಸ್ಟಿಕ್ ಎಲ್ಲಿಂದ ಬಂತು ಎಂದು ಮಾತ್ರ ಕೇಳಬೇಡಿ. ನನ್ನ ಅಂಗಡಿಯ ಸುರುಳಿ ದಿನೇ ದಿನೇ ಸೊರಗುತ್ತಿತ್ತು.)

ಸ್ಕೂಟರೋ, ಹೊಚ್ಚ ಹೊಸದು! ಮದುವೆಯ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ. (ಹೆಂಡತಿ ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದ ಬರೆದಿದ್ದೇನೆ.) ಅಂಥದ್ದನ್ನು ಬೀದಿಯ ಮರದ ಕೆಳಗೆ ನಿಲ್ಲಿಸಿದರೆ ಕಾಗೆಗಳು ಸುಮ್ಮನಿರುತ್ತವೆಯೇ? ಒಂದು ಸಂಜೆ ತಾಳ್ಮೆ ಕೆಟ್ಟಿತು. ಹಾರ್ನ್ ಒತ್ತಿ ಹಿಡಿದೆ.

"ತೆಗೀರೇ ಆ ಎಲಾಸ್ಟಿಕ್‌ನ!"

"ಅಪ್ಪಾ, ಒಂದೇ ನಿಮಿಷ! ಸೊಂಟದವರೆಗೂ ಬಂದಿದೀನಿ!"

"ಅಲ್ಲಿ ಕಾಗೆಗಳು ನನ್ನ ಸೀಟಿಗೆ ಸುಣ್ಣ ಹೊಡೀತಿವೆ! ನಾಳೆಯಿಂದ ಈ ಜಾಗ ಸ್ಕೂಟರ್‌ಗೆ. ಆಟ ಬಂದ್!"

ಕಿಟಕಿಯಲ್ಲಿ ಕೂತು ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದ ಹೆಂಡತಿ ಸೂಜಿ ಎತ್ತಿದಳು. "ರೀ, ಮಕ್ಕಳು ಆಡೋ ಜಾಗದ ಮೇಲೆ ಕಣ್ಣು ಹಾಕ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

"ಆಟ ಅಂತೆ ಆಟ! ಇದೇನು ದೊಡ್ಡ ವಿದ್ಯೆನಾ? ಕಪ್ಪೆನೂ ಹಾರುತ್ತೆ!"

ಮಗಳು ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು, ಥೇಟ್ ಅವಳ ಅಮ್ಮನ ಹಾಗೆ.

"ಹಾಗಾದ್ರೆ ಭಾನುವಾರ ನೀನು ಹಾರು. ಸೊಂಟದವರೆಗೂ ಔಟಾಗದೆ ಹಾರಿದ್ರೆ ಅಂಗಳ ನಿನ್ನದು. ಔಟಾದ್ರೆ ನಮ್ಮದು. ಆಮೇಲೆ ಹಾರ್ನೂ ಹೊಡೀಬಾರದು, ಗೊಣಗಲೂಬಾರದು."

"ಒಪ್ಪಿದೆ!" ಎಂದು ಗುಡುಗಿದೆ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವನ್ನು ತಡೆಯಲು ಅಂತ ಆಮೇಲೆ ತಿಳಿಯಿತು.

ಮರುದಿನದಿಂದ ಅಂಗಡಿಯಲ್ಲಿ ಮಧ್ಯಾಹ್ನ ಶಟರ್ ಅರ್ಧ ಇಳಿಸಿ ನನ್ನ ಗುಪ್ತ ತಪಸ್ಸು ಆರಂಭವಾಯಿತು. ಮಗಳ ಲಂಗದ ಅಳತೆ ನನಗೆ ಬಾಯಿಪಾಠ. ಅವಳ ಮೊಣಕಾಲು, ತೊಡೆ, ಸೊಂಟ ಎಲ್ಲೆಲ್ಲಿ ಬರುತ್ತವೆಂದು ಟೇಪು ಹಿಡಿದು, ಎರಡು ಸ್ಟೂಲುಗಳಿಗೆ ಚಾಕಿನಿಂದ ಗುರುತು ಹಾಕಿ ಎಲಾಸ್ಟಿಕ್ ಕಟ್ಟಿದೆ. ಮೊದಲ ಜಿಗಿತಕ್ಕೆ ಬಟ್ಟೆಯ ರಾಶಿಯ ಮೇಲೆ ಬಿದ್ದೆ. ಎರಡನೆಯದಕ್ಕೆ ಸ್ಟೂಲೇ ನನ್ನ ಮೇಲೆ ಬಿತ್ತು. ಆದರೆ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕಾಲಿಗೆ ತಾಳ ಸಿಕ್ಕಿಬಿಟ್ಟಿತು ನೋಡಿ! ಒಳಗೆ, ಹೊರಗೆ, ಮೇಲೆ, ತಿರುಗು! ಅಯ್ಯೋ, ಎಂಥ ಖುಷಿ! ಮೈಯೆಲ್ಲ ಜುಮ್ಮೆಂದಿತು. ಇಷ್ಟು ವರ್ಷ ಈ ಕಾಲುಗಳನ್ನು ಬರೀ ಮಿಷನ್ ತುಳಿಯಲು ಇಟ್ಟುಕೊಂಡಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

ಅಂದಿನಿಂದ ನಾನು ನೆಲದ ಮೇಲಿರಲಿಲ್ಲ. ದಾರಿಯಲ್ಲಿ ಯಾರೋ ಬರೆದ ಕುಂಟೆಬಿಲ್ಲೆ ಕಂಡರೆ ಕುಂಟಿಯೇ ಮುಂದೆ ಹೋಗುತ್ತಿದ್ದೆ. ಅದೇ ತಾಳಕ್ಕೆ ಮಿಷನ್ ತುಳಿದು ಒಬ್ಬರ ಅಂಗಿಯ ತೋಳಿನ ಬಾಯಿಯನ್ನೇ ಹೊಲಿದು ಮುಚ್ಚಿದೆ. ಒಮ್ಮೆ ಗಿರಾಕಿಯೊಬ್ಬರು ಶಟರಿನಡಿ ತಲೆ ಹಾಕಿದಾಗ ನಾನು ಗಾಳಿಯಲ್ಲಿದ್ದೆ.

"ಎಲಾಸ್ಟಿಕ್ ಪರೀಕ್ಷೆ," ಎಂದೆ ಏದುಸಿರು ಬಿಡುತ್ತ.

"ಒಂದು ಪೈಜಾಮಕ್ಕೆ ಇಷ್ಟು ಕಷ್ಟಪಡ್ತೀರಾ!" ಎಂದು ಅವರು ಕೈಮುಗಿದು ಹೋದರು.

ಭಾನುವಾರ ಸಂಜೆ ಇಡೀ ಕಟ್ಟಡವೇ ಬಾಲ್ಕನಿಗಳಲ್ಲಿ ನೇತಾಡುತ್ತಿತ್ತು. ನಾನು ಪ್ಯಾಂಟಿನ ಕಾಲು ಮಡಚಿ, ಜಗಜಟ್ಟಿಯ ಗತ್ತಿನಲ್ಲಿ ಕಣಕ್ಕಿಳಿದೆ. ಮಗಳು ಚಪ್ಪಾಳೆ ತಟ್ಟಿ ಘೋಷಿಸಿದಳು: "ಒಂದು ಕಂಬ ಅಮ್ಮ. ಇನ್ನೊಂದು ಕಂಬ ಪೋಸ್ಟ್‌ಮ್ಯಾನ್ ಮಾಮ!"

ನಾನು ಕತ್ತೆತ್ತಿ ನೋಡಿದೆ. ಮಹಡಿ ಮನೆಯ ಪೋಸ್ಟ್‌ಮ್ಯಾನ್‌ಗೆ ನಮ್ಮಲ್ಲಿ ಏಣಿ ಎಂದೇ ಹೆಸರು. ಮೆಟ್ಟಿಲು ಹತ್ತದೆ, ಬರೀ ಕೈ ಚಾಚಿ ಮೊದಲ ಮಹಡಿಯ ಕಿಟಕಿಗೆ ಕಾಗದ ಮುಟ್ಟಿಸುವ ಪುಣ್ಯಾತ್ಮ. ನನ್ನ ಹೆಂಡತಿಯೂ ನನಗಿಂತ ಎತ್ತರ. (ಮದುವೆಯ ಫೋಟೋದಲ್ಲಿ ಅವಳು ಕೂತಿದ್ದಾಳೆ, ನಾನು ನಿಂತಿದ್ದೇನೆ. ಕಾರಣ ಈಗ ಹೊಳೆಯಿತಲ್ಲ?)

"ಮೋಸ! ನಿಮ್ಮಲ್ಲೇ ಇಬ್ಬರು ನಿಲ್ಬೇಕು!"

"ಕಂಬ ಯಾರು ಅಂತ ನೀನು ಕೇಳಲೇ ಇಲ್ವಲ್ಲ ಅಪ್ಪಾ," ಎಂದಳು ಮಗಳು.

ಜನ್ಮದಲ್ಲಿ ಅಳತೆ ತೆಗೆಯದೆ ಒಂದು ಬೆರಳು ಬಟ್ಟೆ ಕತ್ತರಿಸಿದವನಲ್ಲ ನಾನು. ಕಂಬಗಳ ಅಳತೆ ಮಾತ್ರ ತೆಗೆದುಕೊಂಡಿರಲಿಲ್ಲ.

ಆದರೂ ಶುರು ಮಾಡಿದೆ. ಪಾದ? ಹೂವೆತ್ತಿದಂತೆ! ಮೊಣಕಾಲು? ಕಷ್ಟಪಟ್ಟೆ, ಆದರೆ ದಾಟಿದೆ! ಬಾಲ್ಕನಿಗಳಿಂದ ಶಿಳ್ಳೆ ಬಿತ್ತು. ಕನ್ನಡಕದವಳು, "ಸೂಪರ್ ಅಂಕಲ್!" ಎಂದು ಕಿರುಚಿದಳು. ಆ ಕ್ಷಣದಲ್ಲಿ ಸ್ಕೂಟರ್ ಎಂಬುದೊಂದು ಇದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಆಮೇಲೆ ಎಲಾಸ್ಟಿಕ್ ತೊಡೆಗೇರಿತು. ಅವರ ತೊಡೆ ಎಂದರೆ ನನ್ನ ಹೊಕ್ಕುಳು.

"ರೀ, ಬೇಡ, ಬಿಟ್ಬಿಡಿ," ಎಂದಳು ಹೆಂಡತಿ ಕರುಣೆಯಿಂದ. (ಎನ್ನುತ್ತಲೇ ಎಲಾಸ್ಟಿಕ್ಕನ್ನು ಇನ್ನಷ್ಟು ಮೇಲೆ ಸರಿಸಿದಳು.)

ಗೇಟಿನವರೆಗೂ ಹಿಂದೆ ಹೋಗಿ, ಓಡಿ ಬಂದು, ಹಾರಿದೆ! ಬಲಗಾಲು ದಾಟಿತು. ಎಡಗಾಲು ಅಲ್ಲೇ ಉಳಿಯಿತು. ಎಲಾಸ್ಟಿಕ್ ನನ್ನ ಜೊತೆ ಸ್ವಲ್ಪ ದೂರ ಬಂದು, ಮನಸ್ಸು ಬದಲಿಸಿ, ಎರಡೂ ಕಂಬಗಳ ಸಮೇತ ನನ್ನನ್ನು ವಾಪಸು ಎಳೆಯಿತು. ಮೂವರೂ ಒಂದೇ ರಾಶಿಯಾಗಿ ಬಿದ್ದೆವು. ಜೊತೆಗೆ ನನ್ನ ಪ್ಯಾಂಟಿನ ಹಿಂಭಾಗ ಪರ್ ಎಂದಿತು.

"ಯಾವ ದರ್ಜಿ ಹೊಲಿದದ್ದೋ!" ಎಂದಳು ಹೆಂಡತಿ ರಾಶಿಯ ತಳದಿಂದ.

"ಔಟ್!" ಎಂದು ಹುಡುಗಿಯರು ಕುಣಿದರು. ಅಂಗಳ ಹೋಯಿತು. ಔಟಾದವರು ಕಂಬ ತಾನೇ? ಪ್ಯಾಂಟು ಬದಲಿಸಿ ಬಂದು ಕಂಬವಾಗಿ ನಿಂತೆ.

ನಿಮ್ಮೆದುರು ಮುಚ್ಚುಮರೆ ಯಾಕೆ? ನನಗದು ಬಹಳ ಇಷ್ಟವಾಯಿತು! ದಿನಾ ಅಂಗಡಿಗೆ ಬೇಗ ಬೀಗ ಜಡಿದು ಓಡಿ ಬರತೊಡಗಿದೆ. ಯಾರಾದರೂ ಔಟಾದರೆ ನನ್ನ ಸರದಿ ಎಂದು ಬಾಯಿಬಿಟ್ಟುಕೊಂಡು ಕಾಯುತ್ತಿದ್ದೆ. ಹುಡುಕಿಕೊಂಡು ಬಂದ ಗಿರಾಕಿಗಳ ಎದೆಯ ಅಳತೆಯನ್ನು ಎಲಾಸ್ಟಿಕ್ಕಿನೊಳಗೆ ನಿಂತೇ ತೆಗೆದೆ. ಇಷ್ಟು ಸೇವೆ ಮಾಡಿದವನನ್ನು ಒಂದು ಸಂಜೆ ಮೂವರೂ ಸಾಲಾಗಿ ನಿಂತು ಕೆಲಸದಿಂದ ತೆಗೆದುಹಾಕಿದರು.

"ನೀನು ಕಂಬ ಆಗೋಕೆ ಲಾಯಕ್ಕಿಲ್ಲ ಅಪ್ಪಾ. ನಾವು ಹಾರಿದಾಗೆಲ್ಲ ನೀನೂ ಹಾರ್ತೀಯ!"

"ಏನ್ಮಾಡ್ಲಿ, ಕಾಲು ತಾನಾಗೇ ಏಳುತ್ತೆ ಕಣೇ!"

"ನಮಗೆ ಅಲ್ಲಾಡದೇ ಇರೋ ಕಂಬ ಬೇಕು. ಅಮ್ಮಾ, ಸ್ಕೂಟರ್ ಕೀ ಕೊಡಮ್ಮಾ!"

ಹೆಂಡತಿ ಕಿಟಕಿಯಿಂದ ಕೀ ಎಸೆದಳು. ಮೂವರೂ ಸೇರಿ ಸ್ಕೂಟರನ್ನು ತಳ್ಳಿಕೊಂಡು ಬಂದು, ಅಂಗಳದ ನಟ್ಟನಡುವೆ ನಿಲ್ಲಿಸಿ ಎಲಾಸ್ಟಿಕ್ ಸುತ್ತಿದರು. ನಾನು ಬಯಸಿದ್ದ ಜಾಗ ಅದೇ! ತಂಪು ನೆರಳು, ಕಾಗೆಯ ಕಾಟವಿಲ್ಲ. ಎಲಾಸ್ಟಿಕ್ ಕೊಳೆಯಾಗಬಾರದೆಂದು ಹುಡುಗಿಯರು ದಿನಾ ಸ್ಕೂಟರನ್ನು ಒರೆಸುತ್ತಾರೆ ಕೂಡ. ಆಟದ ನಡುವೆ ಕಂಬ ತೆಗೆಯುವಂತಿಲ್ಲವಾದ್ದರಿಂದ ಸಂಜೆ ಹೊತ್ತು ಗಿರಾಕಿಗಳ ಮನೆಗೆ ಕೋಟು ಮುಟ್ಟಿಸಲು ನಾನು ನಡೆದೇ ಹೋಗುತ್ತೇನೆ.

ಅದಕ್ಕೆ ಬೇಜಾರಿಲ್ಲ. ನಿನ್ನೆಯೂ ಹೆಗಲ ಮೇಲೆ ಕೋಟು ಹಾಕಿಕೊಂಡು ಗೇಟಿನ ಬಳಿ ನಿಂತು ಅಂಗಲಾಚಿದೆ: "ನನ್ನನ್ನ ಮತ್ತೆ ಯಾವಾಗ ಸೇರಿಸ್ಕೋತೀರೇ?"

"ಕಂಬ ಬಿದ್ದ ದಿನ ಹೇಳಿಕಳಿಸ್ತೀವಿ ಅಪ್ಪಾ," ಎಂದಳು ಮಗಳು, ಹಾರುತ್ತಲೇ.

ಅದು ಬೀಳುವ ಹಾಗೆ ಕಾಣುವುದಿಲ್ಲ. ಸ್ಟ್ಯಾಂಡ್ ಗಟ್ಟಿಯಾಗಿದೆಯೇ ಎಂದು ಹತ್ತು ಸಲ ಅಲ್ಲಾಡಿಸಿ ನೋಡಿ ಆರಿಸಿ ತಂದವನು ನಾನೇ.