ವಿಶ್ರಾಂತಿ ಅವಧಿಗೆ ಒಂದು ಫೋಟೋ ಬೇಕಾಗಿತ್ತು

ನಾನು ನಿಂತಿದ್ದು ಹತ್ತನೇ ತರಗತಿಯ ಕೋಣೆಯಲ್ಲಿ, ಕರಿಹಲಗೆಗೂ ಮೊದಲ ಸಾಲಿಗೂ ನಡುವೆ, ಬಲಭುಜ ಕಿಟಕಿಯ ಕಡೆಗೆ. ಹೊತ್ತು ಮಧ್ಯಾಹ್ನ, ಬಿಸಿಯೂಟ ಮುಗಿದು, ನಲ್ಲಿಯ ಬಳಿ ತಟ್ಟೆ ತೊಳೆಯುವ ಸದ್ದು ಆಗಷ್ಟೇ ನಿಂತಿತ್ತು. ಇಷ್ಟು ನಿಖರವಾಗಿ ಏಕೆ ಹೇಳುತ್ತಿದ್ದೇನೆಂದರೆ, ಆ ದಿನ ನಾನು ನಿಂತಿದ್ದೆ ಎಂಬುದಕ್ಕೆ ಇದೇ ಕೊನೆಯ ಪುರಾವೆ. ಆಮೇಲೆ ನಾನು ನಿಂತಿರಲಿಲ್ಲ. ಮಲಗಿದ್ದೆ!

ಶಾಲೆ ಇರುವುದು ತುರ್ವಿಹಾಳ ದಾಟಿ ಕಾಲುವೆ ಪಕ್ಕದ ಒಂದು ಹಳ್ಳಿಯಲ್ಲಿ. ಹೆಸರು ಬೇಡ, ಊರಿನವರು ಒಳ್ಳೆಯವರು. ನಾನು ಅಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ನನ್ನ ಹೆಂಡತಿ ಸುಜಾತಾ ಲಿಂಗಸುಗೂರಿನ ಆಚೆ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮಗಳು ಅವಳ ಜೊತೆ. ನಾನು ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಹಿಂದೆ ಒಂದು ಬಾಡಿಗೆ ಖೋಲಿಯಲ್ಲಿ. ಆ ಖೋಲಿಯಲ್ಲಿ ನನ್ನ ಜೊತೆ ಇರುವುದು ಅಪ್ಪ ಕೊಟ್ಟ ಬುದ್ಧನ ಪಟ ಮತ್ತು ಗಿರಣಿಯ ತೌಡಿನ ಧೂಳು. ಬೆಳಿಗ್ಗೆ ಎರಡನ್ನೂ ಒರೆಸುತ್ತೇನೆ. ಸಂಜೆ ಬರುವಷ್ಟರಲ್ಲಿ ಬುದ್ಧನ ಮುಖದ ಮೇಲೆ ಮತ್ತೆ ಧೂಳು. ಅವನು ಬೇಸರ ಮಾಡಿಕೊಳ್ಳುವುದಿಲ್ಲ.

ಈ ಪ್ರಕರಣದ ಮೂಲ ಒಂದು ತರಬೇತಿ. ವಿಷಯ: ಶಿಕ್ಷಕರು ಮತ್ತು ವಿದ್ಯಾರ್ಥಿಗಳು ದುಡಿಮೆಯ ನಡುವೆ ತಮ್ಮ ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ? ಊಟವಾದ ಮೇಲಿನ ಅಧಿವೇಶನದಲ್ಲಿ ಸಂಪನ್ಮೂಲ ವ್ಯಕ್ತಿಗಳು, ‘ತಮ್ಮ ಶಾಲೆಯಲ್ಲಿ ಇದರ ಹೊಣೆ ಯಾರು ಹೊರುತ್ತೀರಿ?’ ಎಂದು ಕೇಳಿದರು. ಆಗ ನಾನು ತೂಕಡಿಸುತ್ತಿದ್ದೆ. ತಲೆ ಮುಂದಕ್ಕೆ ಬಾಗಿತು. ಒಪ್ಪಿಗೆ ಎಂದು ಬರೆದುಕೊಂಡರು!

ಹೊಣೆ ಬಂದ ಮೇಲೆ ಹಿಂದೆ ಸರಿಯುವ ಜಾಯಮಾನ ನನ್ನದಲ್ಲ. ದಿನಕ್ಕೆ ಒಂದು ‘ವಿಶ್ರಾಂತಿ ಅವಧಿ’ ಎಂಬ ಯೋಜನೆ ಸಿದ್ಧಪಡಿಸಿದೆ. ಊಟದ ನಂತರ ಹತ್ತನೇ ತರಗತಿಯ ಮಕ್ಕಳು ಜಮಖಾನದ ಮೇಲೆ ಕಣ್ಣು ಮುಚ್ಚಿ ಮಲಗಬೇಕು. ಇಷ್ಟೇ. ಈ ಇಷ್ಟಕ್ಕೆ ಚಾರ್ಟ್ ಬರೆದೆ, ಉದ್ದೇಶಗಳನ್ನು ಬರೆದೆ, ನಿರೀಕ್ಷಿತ ಫಲಗಳನ್ನು ಬರೆದೆ. ವಿಶ್ರಾಂತಿಯ ಚಾರ್ಟುಗಳಿಗೆ ಬಣ್ಣ ತುಂಬಲು ಸಮಯ ಸಾಲದೆ ಶನಿವಾರ ಮನೆಗೆ ಹೋಗುವುದನ್ನು ಬಿಟ್ಟೆ. ಮುಂದಿನ ಶನಿವಾರವೂ ಬಿಟ್ಟೆ. ಭಾನುವಾರ ಹೇಗೂ ವಿಶೇಷ ತರಗತಿ ಇತ್ತು.

“ಅಪ್ಪಾ, ಈ ವಾರರೆ ಬರ್ತಿಯೇನು?” ಎಂದು ಮಗಳು ಫೋನಿನಲ್ಲಿ ಕೇಳಿದಳು.

“ಮುಂದಿನ ವಾರ ಪಕ್ಕಾ.”

ಸುಜಾತಾ ಫೋನು ಇಸಿದುಕೊಂಡಳು. “ದನಿ ಯಾಕೋ ಬಿದ್ದಂಗ ಐತಿ. ಊಟ ಮಾಡೀರಿಲ್ಲೋ?”

“ಆರಾಮ ಅದೀನಿ,” ಎಂದೆ. ಮುಂದೆ ಒಣ ಮಂಡಕ್ಕಿಯ ಪೊಟ್ಟಣ ಇತ್ತು. ಅದನ್ನು ಮೆಲ್ಲಗೆ ಜಗಿದೆ, ಸದ್ದು ಕೇಳಬಾರದೆಂದು.

ಮುಖ್ಯೋಪಾಧ್ಯಾಯರಾದ ಶರಣಪ್ಪನವರು ಯೋಜನೆ ಓದಿ ಕನ್ನಡಕ ತೆಗೆದರು.

“ಹುಡುಗರಿಗೆ ನಿದ್ದಿ ಕಲಸಾಕ ನಮಗ ಪಗಾರ ಕೊಡ್ತಾರೇನ್ರೀ ಮಾಸ್ತರ?”

“ಅವು ಹೆಂಗೂ ನಿದ್ದಿ ಮಾಡ್ತಾವ್ರೀ ಸರ್. ನಮ್ಮ ಪಾಠದಾಗ ಮಾಡೋದು, ಅಲ್ಲೆ ಮಾಡ್ಲಿ ಅಂತ.”

ಇದು ತಮಾಷೆಯ ಮಾತಲ್ಲ. ನಮ್ಮ ತರಗತಿಯ ನಾಯಕಿ ಹುಲಿಗೆಮ್ಮ ನಸುಕಿನಲ್ಲೇ ಅವ್ವನ ಜೊತೆ ಭತ್ತದ ಗದ್ದೆಯ ಕಳೆ ತೆಗೆಯಲು ಹೋಗಿ, ಅಲ್ಲಿಂದ ನೇರ ಶಾಲೆಗೆ ಬರುತ್ತಿದ್ದಳು. ಒಂದು ದಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತಲ್ಲೇ ನಿದ್ದೆ ಹೋಗಿ ಮುಂದಿನವಳ ಮೇಲೆ ಬಿದ್ದಳು. ಎದ್ದವಳೇ ನನಗೆ ಕೈ ಮುಗಿದು, “ತಪ್ಪಾತ್ರಿ ಸರ್” ಎಂದಳು. ಅವಳ ಹಿಮ್ಮಡಿಯ ಕೆಸರು ಇನ್ನೂ ಆರಿರಲಿಲ್ಲ. ಆಕೆಯಂಥವರಿಗೆ ದಿನದಲ್ಲಿ ಒಂದು ಅವಧಿ ಸಿಗಲಿ ಎಂಬುದೇ ನನ್ನ ಆಸೆಯಾಗಿತ್ತು.

ಶರಣಪ್ಪನವರು ಕನ್ನಡಕ ಮತ್ತೆ ಹಾಕಿಕೊಂಡರು. “ಒಂದು ವಾರ ನೋಡೂಣು. ಆದ್ರ ಗ್ರೂಪಿನ್ಯಾಗ ಫೋಟೋ ಚಂದ ಬರಬೇಕು. ಮ್ಯಾಲಿನವ್ರು ಏನರೆ ಅಂದ್ರೋ, ಆ ಪೀರಿಯಡ್ ಗಣಿತಕ್ಕ. ತಿಳೀತಿಲ್ಲೋ?”

ತಿಳಿಯಿತು. ನಮ್ಮ ಇಲಾಖೆಯಲ್ಲಿ ಫೋಟೋ ಇಲ್ಲದ ಕೆಲಸ ನಡೆದೇ ಇಲ್ಲ ಎಂದು ಅರ್ಥ. ಗಿಡ ನೆಟ್ಟರೆ ಫೋಟೋ, ಕೈ ತೊಳೆದರೆ ಫೋಟೋ, ಬಾಳೆಹಣ್ಣು ತಿಂದರೆ ಫೋಟೋ. ಎಲ್ಲವೂ ಜಿಲ್ಲೆಯ ವಾಟ್ಸಾಪ್ ಗ್ರೂಪಿಗೆ ಹೋಗುತ್ತವೆ. ಅಲ್ಲಿ ಉಳಿದ ಶಿಕ್ಷಕರು ಫೋಟೋ ನೋಡುವ ಮೊದಲೇ ಅಭಿನಂದನೆ ಸಲ್ಲಿಸುತ್ತಾರೆ. ನೋಡಲು ಸಮಯ ಯಾರಿಗಿದೆ?

ಈಗ ಮೊದಲು ಹೇಳಿದ ಮಧ್ಯಾಹ್ನಕ್ಕೆ ಬರುತ್ತೇನೆ. ಜಮಖಾನ ಹಾಸಿತ್ತು. ಮಕ್ಕಳು ಮಲಗಿದರು. “ಕಣ್ಣು ಮುಚ್ಚಿ” ಎಂದೆ. ಮುಚ್ಚಿದರು. ಫೋನು ಎತ್ತಿದೆ. ಎಲ್ಲರೂ ಕಣ್ಣು ತೆರೆದು ಕ್ಯಾಮೆರಾ ನೋಡಿ ನಕ್ಕರು!

ಮತ್ತೆ ಮುಚ್ಚಿಸಿದೆ. ಮತ್ತೆ ತೆರೆದರು. ಹಿಂದಿನ ಸಾಲಿನವನೊಬ್ಬ ಬೆರಳಿನಿಂದ ವಿಜಯದ ಗುರುತು ತೋರಿಸುತ್ತ ಮಲಗಿದ್ದ. ಇನ್ನೊಬ್ಬಳು ತಲೆ ಬಾಚಿಕೊಂಡು ಬಂದು ಮಲಗುತ್ತೇನೆ ಎಂದಳು. ಫೋಟೋಕ್ಕೆ ನಗಬೇಕೆಂದು ಚಿಕ್ಕಂದಿನಿಂದ ಕಲಿಸಿದವರು ನಾವೇ.

ಆಗ ನನಗೆ ಉಪಾಯ ಹೊಳೆಯಿತು. ಗ್ರೂಪಿಗೆ ಹಾಕಬೇಕಾದ ಒಕ್ಕಣೆಯನ್ನು ಮೊದಲೇ ಟೈಪ್ ಮಾಡಿದೆ: ‘ಇಂದಿನ ವಿಶ್ರಾಂತಿ ಅವಧಿಯಲ್ಲಿ ಹತ್ತನೇ ತರಗತಿಯ ಎಲ್ಲಾ ಮಕ್ಕಳು ಶಿಸ್ತಿನಿಂದ, ಸಕ್ರಿಯವಾಗಿ ಪಾಲ್ಗೊಂಡರು.’ ಫೋನನ್ನು ಹುಲಿಗೆಮ್ಮನ ಕೈಗೆ ಕೊಟ್ಟು ಸ್ಪಷ್ಟ ಸೂಚನೆ ನೀಡಿದೆ.

“ನಾನೂ ಮಲಗಿ ತೋರಿಸ್ತೀನಿ. ಎಲ್ಲಾರೂ ನನ್ನಂಗ ಮಾಡ್ಲಿ. ಆಮ್ಯಾಲ ಒಂದು ಫೋಟೋ ಹೊಡದು ಇಲ್ಲಿ ಒತ್ತು, ಹೋಗತೈತಿ. ನೆಪ್ಪಿಟ್ಕೋ, ಫೋಟೋದಾಗ ಕಣ್ಣು ತೆರದೋರು ಒಬ್ಬರೂ ಇರಬಾರದು.”

“ಹೂನ್ರಿ ಸರ್.”

ಮಾದರಿಗಾಗಿ ಮಲಗಿದೆ. ಬೆನ್ನಿಗೆ ತಣ್ಣನೆಯ ನೆಲ ತಾಗಿತು. ಹೊರಗೆ ಬೇವಿನ ಗಿಡದಲ್ಲಿ ಯಾವುದೋ ಹಕ್ಕಿ ಕೂಗುತ್ತಿತ್ತು. ಪಕ್ಕದಲ್ಲಿ ಇಷ್ಟೊಂದು ಜನ ಉಸಿರಾಡುವ ಸದ್ದು ಕೇಳಿ ಎಷ್ಟು ಕಾಲವಾಗಿತ್ತೋ! ಇದು ನನಗೆ ಗೊತ್ತಿರುವ ಕೊನೆಯ ಸಂಗತಿ.

ಇಲ್ಲಿಂದ ಮುಂದಿನದು ಕಂಡದ್ದಲ್ಲ, ಕೇಳಿದ್ದು. ಆದ್ದರಿಂದ ಬೇರೆಯಾಗಿ ಹೇಳುತ್ತೇನೆ.

ನಾನು ಗೊರಕೆ ಹೊಡೆದೆ. ಮಕ್ಕಳು ಕಿಸಿಕ್ಕೆಂದರು. ಹುಲಿಗೆಮ್ಮ ಅವರನ್ನು ಗದರಿದಳು. ಮತ್ತೆ ಕಿಸಿಕ್ಕೆಂದರು. ಸೂಚನೆಯ ಪ್ರಕಾರ ಕಣ್ಣು ತೆರೆದವರು ಫೋಟೋದಲ್ಲಿ ಇರುವಂತಿಲ್ಲ. ಅವಳು ಎಲ್ಲರನ್ನೂ ಒಬ್ಬೊಬ್ಬರಾಗಿ ಹೊರಗೆ ಕಳಿಸಿದಳು. ಕಣ್ಣು ಮುಚ್ಚಿದವನು ನಾನೊಬ್ಬನೇ ಉಳಿದೆ. ಫೋಟೋ ಹೊಡೆದು, ಹೇಳಿದ ಕಡೆ ಒತ್ತಿದಳು.

ಹೋಯಿತು!

ಆ ಫೋಟೋ ನನ್ನ ಬಳಿ ಈಗಲೂ ಇದೆ. ದೊಡ್ಡ ಕೋಣೆ. ಉದ್ದಕ್ಕೂ ಖಾಲಿ ಜಮಖಾನ. ನಡುವೆ ಒಬ್ಬ ಮನುಷ್ಯ, ಬಾಯಿ ತೆರೆದು, ಒಂದು ಕೈ ಪಕ್ಕಕ್ಕೆ ಚಾಚಿ, ಯಾರನ್ನೋ ತಡವುವಂತೆ. ಕೆಳಗೆ: ‘ಎಲ್ಲಾ ಮಕ್ಕಳು ಸಕ್ರಿಯವಾಗಿ ಪಾಲ್ಗೊಂಡರು.’

ಅಭಿನಂದನೆಗಳು ಸಾಲುಸಾಲಾಗಿ ಬಂದವು. ‘ಮಾದರಿ ಶಾಲೆ ಸರ್.’ ‘ನಿಮ್ಮ ಪರಿಶ್ರಮಕ್ಕೆ ನಮನ.’ ಮೇಲಧಿಕಾರಿಗಳೊಬ್ಬರು ಹೆಬ್ಬೆರಳು ಎತ್ತಿದರು. ಎಲ್ಲವೂ ಹೀಗೇ ಮುಗಿಯುತ್ತಿತ್ತು. ಆದರೆ ಜಿಲ್ಲೆಯಲ್ಲಿ ಒಬ್ಬಳು ಫೋಟೋವನ್ನು ನಿಜವಾಗಿ ನೋಡಿದಳು. ಸುಜಾತಾ! ಅವಳೂ ತನ್ನ ಶಾಲೆಯಿಂದ ಆ ಗ್ರೂಪಿನಲ್ಲಿದ್ದಳು. ಅದು ಗ್ರೂಪು ಎಂಬುದನ್ನು ಮರೆತು ಬರೆದಳು: ‘ಹಿಂಗ್ಯಾಕ ಬಿದ್ದಾರ? ಎಚ್ಚರ ತಪ್ಪೈತೇನು? ಊಟ ಮಾಡ್ಯಾರೋ ಇಲ್ಲೋ, ಬಾಜೂ ಇದ್ದೋರು ಯಾರರೆ ನೋಡ್ರಿ.’

ಜಿಲ್ಲೆಯೆಲ್ಲ ಆಗ ನೋಡಿತು.

ಶರಣಪ್ಪನವರು ಓಡಿ ಬಂದರಂತೆ. ಬೇವಿನ ಗಿಡದ ಕೆಳಗೆ ಹತ್ತನೇ ತರಗತಿ ಪೂರ್ತಿ ಕುಳಿತಿತ್ತು. ಕೆಲವರು ಒಬ್ಬರ ಭುಜಕ್ಕೊಬ್ಬರು ಒರಗಿ ನಿದ್ದೆ ಹೋಗಿದ್ದರು. ಉಳಿದವರು ತುಟಿ ಅಲ್ಲಾಡಿಸದೆ ಓದುತ್ತಿದ್ದರು. ಮುಖ್ಯೋಪಾಧ್ಯಾಯರು ಬಾಯಿ ತೆರೆಯುವ ಮೊದಲೇ ಹುಲಿಗೆಮ್ಮ ಬೆರಳು ತುಟಿಗಿಟ್ಟಳು.

“ಸದ್ದು ಮಾಡಬ್ಯಾಡ್ರಿ ಸರ್. ಸರ್ ಮಲಗ್ಯಾರ.”

ಶರಣಪ್ಪನವರು ಚಪ್ಪಲಿ ಬಿಟ್ಟು ತುದಿಗಾಲಲ್ಲಿ ಒಳಗೆ ಬಂದು, ನಾನು ಉಸಿರಾಡುತ್ತಿದ್ದೇನೆಂದು ಖಾತ್ರಿ ಮಾಡಿಕೊಂಡು, ಕಿಟಕಿಯ ಒಂದು ಬಾಗಿಲು ಮುಂದೆ ಮಾಡಿ ಹೋದರು. ನನ್ನ ಮುಖದ ಮೇಲೆ ಬಿಸಿಲು ಬೀಳುತ್ತಿತ್ತಂತೆ. ಇದನ್ನು ಹೇಳಿದವಳು ಅಡುಗೆಯ ಈರಮ್ಮ. ಅವಳು ಬಾಗಿಲಲ್ಲಿ ನಿಂತು ನೋಡಿದ್ದಾಳೆ.

ಎಚ್ಚರವಾದಾಗ ಶಾಲೆ ಬಿಡುವ ಗಂಟೆ ಹೊಡೆಯುತ್ತಿತ್ತು. ಹುಲಿಗೆಮ್ಮ ಫೋನು ಚಾಚಿದಳು.

“ಹೆಂತಾ ಫೋಟೋ ಹಾಕಿದ್ಯವ್ವಾ?”

“ನೀವೇ ಹೇಳಿದ್ರಲ್ರೀ ಸರ್, ಕಣ್ಣು ತೆರದೋರು ಒಬ್ಬರೂ ಇರಬಾರದಂತ.”

ಫೋನು ಜೇಬಿಗಿಟ್ಟೆ. ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ, ಗಣಿತಕ್ಕೆ ಅವಧಿ ಬಿಟ್ಟುಕೊಡುವ ಸಿದ್ಧತೆಯಲ್ಲಿ.

“ಮ್ಯಾಲಿನವ್ರು ಏನಂದ್ರಿ ಸರ್?”

“ಏನಂತಾರ? ಹೆಬ್ಬಟ್ಟು ಎತ್ತ್ಯಾರ. ಎತ್ತಿದ ಮ್ಯಾಲ ಇಳಸಾಕ ಅವರಿಗೂ ನಾಚಿಕಿ.” ಅವರು ಕನ್ನಡಕ ಒರೆಸಿದರು. “ಆ ಹುಡುಗರು ಇವತ್ತು ಯಾರೂ ಹೇಳದಿದ್ರೂ ಓದ್ಯಾರ, ಹೇಳದಿದ್ರೂ ಮಲಗ್ಯಾರ. ಪೀರಿಯಡ್ ಇರ್ಲಿ. ಆದ್ರ ಒಂದು ಶರತ್ತು.”

“ಏನ್ರೀ?”

“ಶನಿವಾರ ನೀವು ಮನಿಗೆ ಹೋಗಬೇಕು. ತಪ್ಪಿಸಿದ್ರೋ, ಅವತ್ತೇ ಗಣಿತಕ್ಕ. ನಿಮ್ಮ ಮನಿಯವ್ರು ನನಗ ಫೋನ್ ಮಾಡಿ ಅತ್ತಾರ, ಮಾಸ್ತರ.”

ಮಕ್ಕಳ ನಿದ್ದೆ ಈಗ ನನ್ನ ಪ್ರಯಾಣದ ಮೇಲೆ ನಿಂತಿತು. ಶನಿವಾರ ಹುಲಿಗೆಮ್ಮ ಇಡೀ ತರಗತಿಯನ್ನು ಕರೆದುಕೊಂಡು ಬಂದು ನನ್ನನ್ನು ಬಸ್ಸು ಹತ್ತಿಸಿದಳು. ಬಸ್ಸು ತಿರುವು ದಾಟುವವರೆಗೂ ನಿಂತಿದ್ದರು. ಪ್ರೀತಿಯೋ, ಕಾವಲೋ!

ಸಿಂಧನೂರು, ಮಸ್ಕಿ, ಲಿಂಗಸುಗೂರು. ಭತ್ತದ ಹಸಿರು ಮುಗಿದು ಜೋಳದ ಹೊಲ ಬಂತು. ಮನೆ ಮುಟ್ಟಿದಾಗ ಬಾಗಿಲು ಅರ್ಧ ತೆರೆದಿತ್ತು. ಸುಜಾತಾ ಉತ್ತರ ಪತ್ರಿಕೆಗಳ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು, ಕೆಂಪು ಪೆನ್ನು ಬೆರಳಲ್ಲೇ. ಮಗಳು ಅವಳ ತೊಡೆಯ ಮೇಲೆ, ಪುಸ್ತಕ ಮುಖದ ಮೇಲೆ. ಅಂದರೆ ಸುಜಾತಾಳೂ ಫೋನಿನಲ್ಲಿ ‘ಆರಾಮ ಅದೀನಿ’ ಎನ್ನುತ್ತಿದ್ದದ್ದು ಹೀಗೇ. ಕೈ ತಾನಾಗಿ ಫೋನಿಗೆ ಹೋಯಿತು. ಫೋಟೋ ತೆಗೆಯಲಿಲ್ಲ.

ಎಬ್ಬಿಸಬಾರದೆಂದು ಹೊರಗೆ ಕಟ್ಟೆಯ ಮೇಲೆ ಕುಳಿತೆ. ಯಾರೋ ಭುಜ ಅಲ್ಲಾಡಿಸಿದರು. ಎದುರು ಮನೆಯ ಮುದುಕಿ, ದ್ಯಾವಮ್ಮ.

“ಯಾರ್ರೀ ನೀವು? ಟೀಚರ್ ಮನಿ ಮುಂದ ಯಾಕ ಮಲಗೀರಿ? ಏಳ್ರಿ, ಏಳ್ರಿ!”

“ನಾನು ಟೀಚರ್ ಗಂಡ ಅವ್ವಾ.”

“ಸುಳ್ಳು ಹೇಳಬ್ಯಾಡ. ಅವ್ರು ಸಿಂಧನೂರಾಗ ಇರ್ತಾರ. ಇಲ್ಲಿಗೆ ಬಂದು ಎಷ್ಟೋ ದಿನ ಆತು.” ಬಗ್ಗಿ ನನ್ನ ಮುಖ ದಿಟ್ಟಿಸಿದಳು. “ಒಂದೀಟು ಬಾಯಿ ತಗೀರಿ ನೋಡೂಣು?”

ತೆರೆದೆ.

“ಅಯ್ಯ ಶಿವನೇ! ಹೌದೌದು! ಟೀಚರ್ ತೋರಿಸಿದ ಫೋಟೋದಾಗ ಇದ್ದೋರು ನೀವೇನ್ರೀ!” ಎಂದು ಕೂಗಿ ಒಳಗಿದ್ದ ಇಬ್ಬರನ್ನೂ ಎಬ್ಬಿಸಿದಳು.

ನಡೆದದ್ದು ಇಷ್ಟು. ಇದನ್ನು ಕಣ್ಣಾರೆ ಕಂಡವರೆಲ್ಲ ಇದ್ದಾರೆ. ಶರಣಪ್ಪನವರು ನಿವೃತ್ತರಾಗಿ ಸಿಂಧನೂರಿನಲ್ಲೇ ಇದ್ದಾರೆ, ಸಿಕ್ಕಾಗಲೆಲ್ಲ “ನಿದ್ದಿ ಆತೇನ್ರೀ?” ಎನ್ನುತ್ತಾರೆ. ಹುಲಿಗೆಮ್ಮ ಕಾಲೇಜಿಗೆ ಹೋಗುತ್ತಿದ್ದಾಳೆ. ಈರಮ್ಮ ಈಗಲೂ ಅದೇ ಒಲೆಯ ಮುಂದೆ. ದ್ಯಾವಮ್ಮ ಇನ್ನೂ ಗಟ್ಟಿಯಾಗಿದ್ದಾಳೆ, ಕಣ್ಣು ಮಾತ್ರ ಮಂಜು. ಗುರುತು ಹಿಡಿಯಲು ಪ್ರತಿ ಶನಿವಾರ ನಾನು ಬಾಯಿ ತೆರೆಯಬೇಕು. ಸಂಶಯ ಇದ್ದವರು ಇವರನ್ನು ಕೇಳಿ.

ನನ್ನನ್ನು ಕೇಳಬೇಡಿ. ನಾನು ನಿದ್ದೆಯಲ್ಲಿದ್ದೆ.