ಅತ್ತೆಯ ಬಾನೆಟ್

ಗಾರ್ಡೊಗೆ ತನ್ನ ಷಡ್ಡಕ ಅರ್ನೆಲ್‌ನ ಮೇಲೆ ದ್ವೇಷವೇನೂ ಇರಲಿಲ್ಲ. ಇದ್ದದ್ದೆಲ್ಲ ಅರ್ನೆಲ್‌ನ ಕಾರಿನ ಬಾನೆಟ್ ಮೇಲೆ.

ಕಾರ್ಸನ್ ಪಟ್ಟಣಕ್ಕೆ ವಲಸೆ ಬಂದ ಫಿಲಿಪಿನೋ ಗಂಡಸರು ಭಾನುವಾರ ಚರ್ಚ್ ಮುಗಿದದ್ದೇ ತಡ, ಮೀನಿನಂಗಡಿಯ ಹಿಂದಿನ ಬಯಲಿನಲ್ಲಿ ತಂತಮ್ಮ ಸಿವಿಕ್ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಹೊಗಳಿಸಿಕೊಳ್ಳುತ್ತಿದ್ದರು. ಆರು ವರ್ಷ ಆ ಸಾಲಿನ ಸಾಮ್ರಾಟ ಗಾರ್ಡೊನೇ. ಅವನ ಕಡುನೀಲಿ ಕಾರು ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ ಬೆಕ್ಕು ಕೂಡ ಅಡಿಯಲ್ಲಿ ನುಸುಳಲು ಹಿಂದೆಮುಂದೆ ನೋಡುತ್ತಿತ್ತು. ಒಂದು ಭಾನುವಾರ ಅರ್ನೆಲ್ ಕಾರ್ಬನ್ ಫೈಬರ್ ಬಾನೆಟ್ ಹಾಕಿಸಿಕೊಂಡು ಬಂದ. ಕಪ್ಪಗೆ, ನುಣ್ಣಗೆ, ಒಳಗೆ ದಾರ ನೇಯ್ದಂತೆ ಮಿರಮಿರ. ಜನವೆಲ್ಲ ಅತ್ತ ಸರಿಯಿತು. ಗಾರ್ಡೊನ ಹೊಟ್ಟೆ ಉರಿದು ಇದ್ದಿಲಾಯಿತು. (ಕಾರ್ಬನ್ ಎಂದರೂ ಇದ್ದಿಲೇ. ಆದರೆ ಹೊಟ್ಟೆಯೊಳಗಿನ ಇದ್ದಿಲಿನ ಫೋಟೋ ಯಾರೂ ತೆಗೆಯುವುದಿಲ್ಲ.)

ಮನೆಗೆ ಬಂದು ಹೆಂಡತಿ ಮಾರಿಸೆಲ್‌ಗೆ ವಿಷಯ ಮಂಡಿಸಿದ. ಆಸ್ಪತ್ರೆಯಲ್ಲಿ ಹನ್ನೆರಡು ಗಂಟೆ ದುಡಿದು ಬಂದಿದ್ದ ಆಕೆ ಕಾಲು ಚಾಚಿ ಕೂತಿದ್ದಳು.

"ಇರೋ ಬಾನೆಟ್‌ಗೆ ಏನಾಗಿದೆ?"

"ಏನೂ ಆಗಿಲ್ಲ. ಇದನ್ನ ಹಾಕಿದ್ರೆ ತೂಕ ಕಮ್ಮಿ ಆಗತ್ತೆ."

ಮಾರಿಸೆಲ್ ಅವನ ಹೊಟ್ಟೆಯನ್ನೇ ನೋಡಿದಳು. "ತೂಕ ಕಮ್ಮಿ ಆಗ್ಬೇಕಾಗಿರೋದು ಕಾರಿಂದಾ?"

ಗಾರ್ಡೊ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಕಂಪ್ಯೂಟರ್ ತೆರೆದ. ಕಾರಿನವರು ಸೇರುವ ಇಂಟರ್ನೆಟ್ಟಿನ ಹರಟೆಕಟ್ಟೆಯಲ್ಲಿ ಉಪಾಯವಿತ್ತು. ಬಾನೆಟ್ ಮಾಡುವವನೊಬ್ಬ, ಹತ್ತು ಜನ ಒಟ್ಟಿಗೆ ಕೊಂಡರೆ ಅರ್ಧ ಬೆಲೆಗೆ ಕೊಡುತ್ತೇನೆ ಎಂದಿದ್ದ. ಗಾರ್ಡೊ ಮಹಾಸಂಯೋಜಕನ ಪಟ್ಟವನ್ನು ತನಗೆ ತಾನೇ ಕಟ್ಟಿಕೊಂಡು ಗುಂಪು ಖರೀದಿಗೆ ಇಳಿದ. ಮೂರು ವಾರದಲ್ಲಿ ತನ್ನನ್ನೂ ಸೇರಿಸಿ ಒಂಬತ್ತು ಹೆಸರು ಬಂದವು. ಹತ್ತನೆಯದು ಬರಲಿಲ್ಲ. ಗಡುವು ಮುಗಿಯಲು ಒಂದೇ ದಿನ ಉಳಿದಿತ್ತು.

ಆಗ ಅತ್ತೆ ಪುರಿಂಗ್ ನೆನಪಾದರು. ಆಕೆಯೂ ಅದೇ ವರ್ಷದ ಅದೇ ಸಿವಿಕ್ ಕೊಂಡಿದ್ದರು. ಅಳಿಯನಿಗೆ ರಿಪೇರಿ ಗೊತ್ತಿರುವಾಗ ಬೇರೆ ಕಾರು ಯಾಕೆ ಎಂಬುದು ಅವರ ಲೆಕ್ಕಾಚಾರ. ಗಾರ್ಡೊ ಅವರನ್ನು ಕೇಳಲಿಲ್ಲ, ಹೆಂಡತಿಗೆ ಹೇಳಲಿಲ್ಲ. ಹತ್ತನೆಯ ಸಾಲಿನಲ್ಲಿ 'ಪುರಿಂಗ್' ಎಂದು ಬರೆದು ತಾನೇ ದುಡ್ಡು ಕಟ್ಟಿದ. ಮುಂದೆ ಯಾರಾದರೂ ಹಲ್ಲುಗಿಂಜುತ್ತ ಬಂದಾಗ ಮಾರಿದರಾಯಿತು. ತನ್ನ ಎರಡನೇ ಮಹಡಿಯ ಮನೆಯಲ್ಲಿ ಹತ್ತು ಪೆಟ್ಟಿಗೆ ಇಡಲು ಜಾಗವಿಲ್ಲವೆಂದು ವಿಳಾಸವನ್ನೂ ಅತ್ತೆಯ ಮನೆಯದ್ದೇ ಕೊಟ್ಟ. ಬುದ್ಧಿ ಜಾಸ್ತಿಯಾದಾಗ ಆಗುವುದು ಹೀಗೇ.

ಪೆಟ್ಟಿಗೆಗಳು ಬಂದ ದಿನ ಅವನು ವಿಮಾನ ನಿಲ್ದಾಣದಲ್ಲಿ ಸರಕು ಇಳಿಸುತ್ತಿದ್ದ. ಮಾರಿಸೆಲ್ ಫೋನ್ ಮಾಡಿದಳು.

"ಒಂದು ಮಾತು ಹೇಳಲಿಲ್ವಲ್ಲ ಗಾರ್ಡೊ. ಅಮ್ಮನ ಎಪ್ಪತ್ತನೇ ಹುಟ್ಟುಹಬ್ಬ ನಾನೇ ಮರೆತಿದ್ದೆ. ಪೆಟ್ಟಿಗೆ ಮೇಲೆ ತನ್ನ ಹೆಸರು ನೋಡಿ ಅಮ್ಮ ಅತ್ತೇಬಿಟ್ಟಳು."

ಚರ್ಚಿನ ಹಾಡುವ ಬಳಗಕ್ಕೆ ಆಗಲೇ ಸುದ್ದಿ ತಲುಪಿತ್ತಂತೆ. ಸಮರ್ ದ್ವೀಪದಲ್ಲಿರುವ ಚಿಕ್ಕಮ್ಮನಿಗೂ ಫೋನ್ ಹೋಗಿತ್ತಂತೆ. ಗಾರ್ಡೊ ಹೊತ್ತ ಸರಕನ್ನು ಕೆಳಗಿಟ್ಟು, "ಮತ್ತೆ, ಎಪ್ಪತ್ತು ಅಂದ್ರೆ ಸುಮ್ನೇನಾ?" ಎಂದ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅವನು ಮೊದಲ ಬಾರಿ ಒಳ್ಳೆಯ ಅಳಿಯನಾದ.

ಶನಿವಾರ ಎಂಟು ಜನ ಅತ್ತೆಯ ಮನೆಗೆ ಬಂದು ತಂತಮ್ಮ ಪೆಟ್ಟಿಗೆ ಹೊತ್ತೊಯ್ದರು. ಉಳಿದದ್ದು ಎರಡು. ಗಾರ್ಡೊ ತನ್ನದನ್ನು ಕಾರಿನ ಮೇಲಿಟ್ಟು ನೋಡಿದ. ಎಡಗಡೆ ಎರಡು ಬೆರಳು ತೂರುವಷ್ಟು ಸಂದು. ನೇಯ್ಗೆಯೂ ಸೊಟ್ಟ, ಕುಡಿದವನ ನಡಿಗೆಯಂತೆ. ಅತ್ತೆಯದನ್ನು ಪೆಟ್ಟಿಗೆಯಿಂದ ತೆಗೆದು ಅದೇ ಕಾರಿನ ಮೇಲಿಟ್ಟ. ಎರಕ ಹೊಯ್ದಂತೆ ಕೂತಿತು. ಅರ್ನೆಲ್‌ನದೂ ಇಷ್ಟು ಚೆಂದ ಕೂತಿರಲಿಲ್ಲ. ಗಾರ್ಡೊನ ಕಣ್ಣು ಆ ಕಡೆ ಈ ಕಡೆ ಹೊರಳಿತು. ಯಾರೂ ಇರಲಿಲ್ಲ. ಪೆಟ್ಟಿಗೆಗಳ ಮೇಲಿನ ಹೆಸರಿನ ಚೀಟಿಗಳನ್ನು ಕಿತ್ತು ಬಾನೆಟ್‌ಗಳ ಮೇಲೆ ಅದಲು ಬದಲು ಅಂಟಿಸಿದ.

ಅತ್ತೆ ಒಂದು ತಟ್ಟೆ ಲುಂಪಿಯಾ ಸುರುಳಿ ಕರಿದುಕೊಂಡು ಬಂದರು. ತಟ್ಟೆ ಕೊಟ್ಟು, ತನ್ನ ಹೆಸರಿದ್ದ ಬಾನೆಟ್ ಮೇಲೆ ಕೈಯಾಡಿಸಿದರು.

"ಇದು ನಂದಲ್ಲಪ್ಪ."

"ನಿಮ್ಮ ಹೆಸರೇ ಇದೆಯಲ್ಲ, ನನಾಯ್," ಎಂದು ಅಮ್ಮನೆಂದೇ ಕರೆದು ಓಲೈಸಿದ.

"ಹೆಸರೇನೋ ನಂದೇ. ಗರಿ ಸೊಟ್ಟ ಹೋಗಿದೆ ನೋಡು. ಚಾಪೆ ಹೆಣೆಯೋರ ಮೊಮ್ಮಗಳು ನಾನು. ನಂದನ್ನ ಬೆಳಿಗ್ಗೆ ಬಿಚ್ಚಿ ಒರೆಸಿಟ್ಟಿದ್ದೆ, ಗರಿ ನೆಟ್ಟಗಿತ್ತು."

ಅಳಿಯ ಚಾಪೆ ಕೆಳಗೆ ನುಸುಳಿದರೆ ಅತ್ತೆ ರಂಗೋಲಿ ಕೆಳಗೆ ನುಸುಳುವವರು. ಈ ಅತ್ತೆಗೆ ಚಾಪೆಯ ವಿಷಯವೂ ಗೊತ್ತಿತ್ತು. ಚೀಟಿ ಅಂಟಿಸುವಾಗ ಕೈತಪ್ಪಿರಬೇಕು ಎಂದು ಗಾರ್ಡೊ ಗೊಣಗಿದ. ಆಕೆ ಅವನ ಬಾಯಿಗೆ ಒಂದು ಲುಂಪಿಯಾ ತುರುಕಿದರು. ತಿನ್ನುತ್ತಲೇ ಅವನು ನೆಟ್ಟಗಿನ ಬಾನೆಟ್ಟನ್ನು ತನ್ನ ಕೈಯಾರೆ ಅತ್ತೆಯ ಕಾರಿಗೆ ಜೋಡಿಸಿದ.

ಸೊಟ್ಟದ್ದನ್ನು ವಾಪಸು ಕಳಿಸಿ ಬೇರೆ ತರಿಸಲು ನಾಲ್ಕು ತಿಂಗಳಂತೆ. ಹಳೆಯದನ್ನೇ ಹಾಕೋಣವೆಂದರೆ ಅದನ್ನು ಹಿಂದಿನ ವಾರವೇ ಜಂಬದಿಂದ ಮಾರಿದ್ದ. ಕಾರು ಕರುಳು ತೋರಿಸಿಕೊಂಡು ನಿಂತಿತ್ತು. ಮಾರಿಸೆಲ್ ಶಾಂತವಾಗಿ, "ಅಮ್ಮನ ಹಳೇದು ಬಿಚ್ಚಿಟ್ಟಿದ್ದೀಯಲ್ಲ, ಅದನ್ನೇ ಹಾಕ್ಕೋ" ಎಂದಳು.

ಭಾನುವಾರ ಬಯಲಿನಲ್ಲಿ ಜನ ಮುತ್ತಿದ್ದು ಅತ್ತೆಯ ಕಾರನ್ನು. ಚರ್ಚಿನ ಹೂವಿನ ಗೌನು ತೊಟ್ಟ ಪುರಿಂಗ್ ಬಾನೆಟ್ಟಿಗೆ ಒರಗಿ ಫೋಟೋಗೆ ನಿಂತಿದ್ದರು. ತೆಗೆಯುತ್ತಿದ್ದವನು ಅರ್ನೆಲ್. ಅವನ ಮುಖ ಹುಣಸೆಹಣ್ಣು ಕಚ್ಚಿದಂತಿತ್ತು. ಯಾವ ಮುಖಕ್ಕಾಗಿ ಗಾರ್ಡೊ ಇಷ್ಟೆಲ್ಲ ಒದ್ದಾಡಿದ್ದನೋ ಅದೇ ಮುಖ. ಆದರೆ ಅದು ಅವನ ಕಡೆ ತಿರುಗಿರಲಿಲ್ಲ.

ಗಾರ್ಡೊ ಸಾಲಿನ ಕೊನೆಯಲ್ಲಿ, ಕಸದ ಡಬ್ಬಿಯ ಪಕ್ಕ, ನೀಲಿ ಕಾರಿನೊಳಗೇ ಕೂತಿದ್ದ. ಕಾರಿನ ಮೂತಿಗೆ ಅತ್ತೆಯ ಹಳೆಯ ಬಾನೆಟ್: ಪೇಲವ ಚಿನ್ನದ ಬಣ್ಣ, ನಡುವೆ ಮೇರಿಮಾತೆಯ ಸ್ಟಿಕ್ಕರ್, ಬಲಕ್ಕೊಂದು ತಗ್ಗು. ಅರ್ನೆಲ್ ಅದನ್ನು ಕಂಡು ಹತ್ತಿರ ಬಂದ. ಹಿಂದೆಯೇ ಎಲ್ಲರೂ ಬಂದರು.

"ಕುಯಾ ಗಾರ್ಡೊ, ಇದೇನು ಹೊಸ ಫ್ಯಾಷನ್ನಾ? ಯಾರು ಕೊಟ್ಟಿದ್ದು?"

ಗಾರ್ಡೊ ಬಾಯಿ ತೆರೆಯುವ ಮೊದಲೇ ಪುರಿಂಗ್ ಗುಂಪನ್ನು ಸರಿಸಿ ಬಂದರು. ಕರವಸ್ತ್ರದಿಂದ ತಗ್ಗಿನ ಧೂಳು ಒರೆಸಿ, ಎಲ್ಲರಿಗೂ ಕೇಳುವಂತೆ ಹೆಮ್ಮೆಯಿಂದ ಹೇಳಿದರು:

"ಅದೂ ನಂದೇ."