ಜಗ್ಗಿನ ತುಂಬ ಆರೋಗ್ಯ

ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಪಥ್ಯದಪ್ಪನ ಫೋನಿಗೆ ಅಂಗಡಿಯಿಂದ ಸಂದೇಶ ಬಂತು. ಕೆಳಗಿನ ಬ್ಯಾಚ್ ನಂಬರಿನ ಫ್ರೋಜನ್ ಹಣ್ಣಿನಲ್ಲಿ ರೋಗಾಣು ಇರುವ ಸಾಧ್ಯತೆಯಿದೆ, ತಿನ್ನಬೇಡಿ, ಪ್ಯಾಕೆಟ್ ಹಿಂದಿರುಗಿಸಿ. ಗರ್ಭಿಣಿಯರು ವಿಶೇಷ ಎಚ್ಚರ ವಹಿಸಿ.

ಅವನು ಸಂದೇಶವನ್ನು ಎರಡು ಸಲ ಓದಿದ. ಟೀ ಕರುಳು ಸುಡುತ್ತದೆಂದು ವಾರಗಟ್ಟಲೆ ಎಲ್ಲರ ತಲೆ ತಿಂದು, ತಾನು ಕೆಲಸ ಮಾಡುವ ವಿಮಾ ಕಚೇರಿಯಲ್ಲಿ ಅಂದು ಬೆಳಿಗ್ಗೆಯೇ ಟೀ ನಿಲ್ಲಿಸಿದ್ದ. ಬದಲಿಗೆ ಅದೇ ಹಣ್ಣಿಗೆ ಹಸಿ ಸೊಪ್ಪು, ಹಾಗಲಕಾಯಿ ಸೇರಿಸಿ ರುಬ್ಬಿ ಜಗ್ಗಿನ ತುಂಬ ತಂದು ಹಂಚಿದ್ದ. "ಅಮೃತ ಕಣಯ್ಯಾ!" ಎಂದು ಮ್ಯಾನೇಜರರೇ ಹೊಗಳಿದ್ದರು. ತುಂಬು ಬಸುರಿ ಟೈಪಿಸ್ಟಿಗಂತೂ "ಮಗೂಗೆ ಒಳ್ಳೇದಮ್ಮ" ಎಂದು ಬಲವಂತವಾಗಿ ಎರಡನೇ ಲೋಟ ಬಗ್ಗಿಸಿದ್ದ.

ಮೆಟ್ಟಿಲ ಕೆಳಗೆ ನಿಂತು ಹೆಂಡತಿಗೆ ಫೋನು ಮಾಡಿದ.

"ಕಸದ ಬುಟ್ಟೀಲಿ ಹಣ್ಣಿನ ಪ್ಯಾಕೆಟ್ ಇದೆಯಲ್ಲ, ಅದರ ನಂಬರ್ ಓದೇ."

ಹೆಂಡತಿ ಗೊಣಗುತ್ತಲೇ ಓದಿದಳು. ಸಂದೇಶದಲ್ಲಿದ್ದ ನಂಬರೇ!

"ಯಾಕ್ರೀ, ಬಹುಮಾನ ಬಂತಾ?"

"ಬಂತು" ಎಂದು ಫೋನಿಟ್ಟ.

ಒಳಗೆ ಬಂದರೆ ಕ್ಯಾಷಿಯರ್ ಹೊಟ್ಟೆ ಹಿಡಿದು ಬಗ್ಗಿದ್ದಾನೆ! ಪಥ್ಯದಪ್ಪ ಓಡಿದ. ಕ್ಯಾಷಿಯರ್ ಫೋನಿನಲ್ಲಿ ಯಾವುದೋ ಜೋಕು ನೋಡಿ ನಗುತ್ತಿದ್ದ. ಅಷ್ಟರಲ್ಲಿ ಮ್ಯಾನೇಜರು ಶೌಚಾಲಯದ ಕಡೆ ಬಾಣದಂತೆ ಹೋದರು. ಪಥ್ಯದಪ್ಪ ಬಾಗಿಲಿಗೆ ಕಿವಿಯಿಟ್ಟು, "ಸಾರ್, ಹೇಗಿದೀರಾ?" ಎಂದ.

"ಇಲ್ಲೂ ಬಿಡಲ್ವೇನಯ್ಯಾ ನೀನು?" ಎಂದು ಒಳಗಿನಿಂದ ಗುಡುಗು ಬಂತು.

ಟೈಪಿಸ್ಟ್ ಮಾತ್ರ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ್ದಳು. ಕೈ ಹೊಟ್ಟೆಯ ಮೇಲಿತ್ತು. ಆ ಕೈ ನೋಡಿದ್ದೇ ಪಥ್ಯದಪ್ಪ ನಿಶ್ಚಯಿಸಿದ: ಕೆಲಸ ಹೋದರೆ ಹೋಗಲಿ, ಇನ್ನು ಬಾಯಿ ಮುಚ್ಚಿಕೊಂಡಿರುವುದು ಆಗದು.

"ಎಲ್ಲರೂ ಆಸ್ಪತ್ರೆಗೆ ನಡೀರಿ!" ಎಂದು ಕೂಗಿಬಿಟ್ಟ. ಮ್ಯಾನೇಜರೂ ಹೊರಗೆ ಬಂದರು. ಅವನು ತೊದಲುತ್ತ ಎಲ್ಲ ಹೇಳಿ ಟೈಪಿಸ್ಟ್ ಮುಂದೆ ಕೈಮುಗಿದ. "ತಪ್ಪಾಯ್ತಮ್ಮ. ಮೊದಲು ನೀನು ಹೊರಡು, ನಾನೇ ಕರ್ಕೊಂಡು ಹೋಗ್ತೀನಿ."

ಟೈಪಿಸ್ಟ್ ನಾಚಿಕೊಂಡಳು. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ನಾನು ಒಂದು ತೊಟ್ಟೂ ಕುಡೀಲಿಲ್ಲ. ವಾಸನೆಗೇ ವಾಕರಿಕೆ ಬಂತು. ನೀವು ಆಕಡೆ ತಿರುಗಿದಾಗ ಎರಡು ಲೋಟಾನೂ ಜಗ್ಗಿಗೇ ವಾಪಸ್ ಸುರಿದೆ."

"ಅಯ್ಯೋ, ನಾನೂ ಅಲ್ಲಿಗೇ ಸುರಿದದ್ದು!" ಎಂದ ಕ್ಯಾಷಿಯರ್.

ಮ್ಯಾನೇಜರು ಕೆಮ್ಮಿದರು. "ನಾನು ಒಂದು ಗುಟುಕು ಬಾಯಿಗೆ ಹಾಕ್ಕೊಂಡಿದ್ದೆ. ಅದನ್ನೂ ಅಲ್ಲಿಗೇ... ನನಗೆ ನೆಗಡಿ ಬೇರೆ."

ಪಥ್ಯದಪ್ಪನಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರೇ ಬಂತು. ಎಲ್ಲರೂ ನಕ್ಕರು. "ಟೀ ತರಿಸ್ರಯ್ಯಾ ಮೊದಲು!" ಎಂದರು ಮ್ಯಾನೇಜರು.

"ಅಲ್ಲಾ, ಜಗ್ಗಲ್ಲಿದ್ದಿದ್ದನ್ನ ಹುಷಾರಾಗಿ ಚೆಲ್ಲಿದಿರಿ ತಾನೇ?" ಎಂದು ಕ್ಯಾಷಿಯರ್ ಕೇಳಿದ.

ಪಥ್ಯದಪ್ಪನ ನಗು ಅರ್ಧಕ್ಕೇ ನಿಂತಿತು.

"ಇಷ್ಟೊಂದು ಮಿಕ್ಕಿದೆಯಲ್ಲಾ, ದಂಡ ಮಾಡೋದ್ಯಾಕೆ ಅಂತ..." ಅವನ ದನಿ ಇಳಿಯಿತು. "ಊಟದ ಜೊತೆ ಪೂರ್ತಿ ನಾನೇ ಕುಡಿದೆ."

ಕ್ಯಾಷಿಯರ್ ಮೆಲ್ಲಗೆ ಕುರ್ಚಿ ಹಿಂದಕ್ಕೆ ಎಳೆದುಕೊಂಡ. ಅಷ್ಟರಲ್ಲಿ ಪಥ್ಯದಪ್ಪನ ಹೊಟ್ಟೆ ದೀರ್ಘವಾಗಿ ಗುಡುಗುಟ್ಟಿತು.

"ಅಣ್ಣಾ," ಎಂದು ಟೈಪಿಸ್ಟ್ ಕಷ್ಟಪಟ್ಟು ಎದ್ದು ಕೈಚೀಲ ಹೆಗಲಿಗೇರಿಸಿದಳು, "ಹೊರಡಿ, ನಾನೇ ಕರ್ಕೊಂಡು ಹೋಗ್ತೀನಿ."